‘ಸರ್ವರ್ ಎಲ್ಲಿರ್ತದ?’: ಓದುವ ವೆಬ್ ಕೆಲಸ ಮಾಡುವ ವೆಬ್ ಆಗಿದ್ದು ಹೇಗೆ

ತೊಗರಿ ರಾಶಿಯ ದಿನಗಳು. ಕಲಬುರಗಿ ಬಸ್ ನಿಲ್ದಾಣದ ಹತ್ತಿರದ ಒಂದು ಆನ್‌ಲೈನ್ ಸೆಂಟರಿನಲ್ಲಿ ಬೆಳಿಗ್ಗೆಯಿಂದಲೇ ಪಾಳಿ ಇತ್ತು. ಬೆಂಬಲ ಬೆಲೆಗೆ ತೊಗರಿ ಕೊಡಬೇಕಾದರೆ ರೈತರ ವಿವರ ಕಂಪ್ಯೂಟರಿನಲ್ಲಿ ಸರಿ ಇರಬೇಕು. ಅದನ್ನು ಸರಿಮಾಡಿಸಲು ಬಂದವರೇ ಜಾಸ್ತಿ. ಪರದೆಯ ಮೇಲೆ ಚಕ್ರವೊಂದು ಸುತ್ತುತ್ತಲೇ ಇತ್ತು. ಹತ್ತು ನಿಮಿಷ ನೋಡಿದ ಹುಡುಗ ಕೊನೆಗೆ, ‘ಸರ್ವರ್ ಡೌನ್ ಅದರಿ, ಮಧ್ಯಾಹ್ನ ಬರ್ರಿ’ ಎಂದ. ಜೇವರ್ಗಿ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ ಕೇಳಿದರು: ‘ಈ ಸರ್ವರ್ ಅನ್ನೋದು ಎಲ್ಲಿರ್ತದ ತಮ್ಮಾ? ಅಲ್ಲಿಗೇ ಹೋಗಿ ಕೇಳಿದ್ರ ಆಗಂಗಿಲ್ಲೇನು?’

ಒಂದು ದಿನದ ಕೆಲಸ ಬಿಟ್ಟು, ಬಸ್ಸಿನ ಖರ್ಚು ಮಾಡಿಕೊಂಡು ಬಂದವರ ಪ್ರಶ್ನೆ ಅದು. ಪಾಳಿಯಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ. ಪಹಣಿ, ಪಿಂಚಣಿ, ಗೃಹಲಕ್ಷ್ಮಿ, ಬಸ್ ಟಿಕೆಟ್, ಮಗಳ ಕಾಲೇಜಿನ ಅರ್ಜಿ, ಹೀಗೆ ಎಲ್ಲವೂ ಆ ಪರದೆಯೊಳಗೆ ಹೋಗಿರುವಾಗ ಅದರ ಒಳಗೆ ಏನು ನಡೆಯುತ್ತದೆ ಎಂದು ತಿಳಿಯುವುದು ಎಲ್ಲರ ಹಕ್ಕು. ಅದಕ್ಕೇ ಬುಡದಿಂದ ಶುರು ಮಾಡುತ್ತೇನೆ.

ರಸ್ತೆ ಬೇರೆ, ಬಸ್ಸು ಬೇರೆ

ಇಂಟರ್ನೆಟ್ ಮತ್ತು ವೆಬ್ ಎರಡೂ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಇಂಟರ್ನೆಟ್ ಎಂದರೆ ರಸ್ತೆ. ಲೋಕದ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ತಂತಿ, ಕೇಬಲ್ಲು, ಟವರುಗಳ ಜಾಲ. ಇದರ ಮೊದಲ ರೂಪ ಅಮೆರಿಕದಲ್ಲಿ 1969ರಲ್ಲಿ ಶುರುವಾಯಿತು. ವೆಬ್ ಎಂದರೆ ಆ ರಸ್ತೆಯ ಮೇಲೆ ಓಡುವ ಒಂದು ಬಸ್ಸು. ಇ-ಮೇಲ್ ಇನ್ನೊಂದು ಗಾಡಿ. ರಸ್ತೆ ಬಂದು 20 ವರ್ಷವಾದ ಮೇಲೆ ಈ ವೆಬ್ ಎಂಬ ಬಸ್ಸು ಬಂತು.

ವೆಬ್ ನಡೆಯಲು ಇಬ್ಬರು ಬೇಕು. ಕೇಳುವವರು ಒಬ್ಬರು, ಕೊಡುವವರು ಒಬ್ಬರು. ನಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇದ್ದು ಕೇಳುವುದು ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್ ಇವೆಲ್ಲ ಬ್ರೌಸರುಗಳು. ದೂರದಲ್ಲಿ ಕುಳಿತು ಕೊಡುವುದು ಸರ್ವರ್. ಖಾನಾವಳಿಗೆ ಹೋಗಿ ಕೂತಿದ್ದೀರಿ ಅಂದುಕೊಳ್ಳಿ. ನೀವು ಕೇಳುತ್ತೀರಿ, ಬಡಿಸುವವರು ಅಡುಗೆಮನೆಯಿಂದ ತಂದು ಕೊಡುತ್ತಾರೆ. ಆ ಅಡುಗೆಮನೆಯೇ ಸರ್ವರ್. ನಿಮ್ಮ ಮುಂದಿನ ತಾಟು ಬ್ರೌಸರ್. ಈ ಖಾನಾವಳಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಹಾಗಾದರೆ ಸರ್ವರ್ ಎಂಬುದು ವಿಶೇಷ ಯಂತ್ರವೇನೂ ಅಲ್ಲ. ಅದೂ ಒಂದು ಕಂಪ್ಯೂಟರ್. ಯಾರು ಕೇಳಿದರೂ ಉತ್ತರ ಕೊಡಲು ಹಗಲು ರಾತ್ರಿ ಚಾಲೂ ಇರುವ ಕಂಪ್ಯೂಟರ್. ಲೋಕದ ಮೊದಲ ವೆಬ್ ಸರ್ವರ್ ಸ್ವಿಟ್ಜರ್ಲೆಂಡಿನ ಜಿನೀವಾ ಹತ್ತಿರದ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿತ್ತು. ವೆಬ್ಬನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರ ಮೇಜಿನ ಮೇಲಿನ ಕಂಪ್ಯೂಟರೇ ಅದು. ಯಾರಾದರೂ ಮರೆತು ಅದನ್ನು ಬಂದ್ ಮಾಡಿದರೆ ಇಡೀ ವೆಬ್ಬೇ ನಿಂತುಹೋಗುತ್ತಿತ್ತು. ಅದಕ್ಕೆ ಅದರ ಮೇಲೊಂದು ಚೀಟಿ ಅಂಟಿಸಿದ್ದರು. ‘ಈ ಯಂತ್ರ ಒಂದು ಸರ್ವರ್, ಇದನ್ನು ಆಫ್ ಮಾಡಬೇಡಿ’ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿ. ‘ಸರ್ವರ್ ಡೌನ್’ ಎಂಬ ಭಯ ವೆಬ್ ಹುಟ್ಟಿದ ದಿನದಿಂದಲೂ ಇದೆ.

ಗೋಡೆಗೆ ಅಂಟಿಸಿದ ನೋಟಿಸು

ಬರ್ನರ್ಸ್-ಲೀ 1989ರಲ್ಲಿ ಈ ಯೋಚನೆಯನ್ನು ಬರೆದುಕೊಟ್ಟರು. 1991ರ ಹೊತ್ತಿಗೆ ಅದು ಹೊರಗಿನವರಿಗೂ ಸಿಕ್ಕಿತು. ವಿಜ್ಞಾನಿಗಳು ತಮ್ಮ ಬರಹಗಳನ್ನು ಹಂಚಿಕೊಳ್ಳಲಿ, ಒಂದು ಬರಹದಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಲಿ ಎಂಬುದು ಅವರ ಉದ್ದೇಶ. ಹಾಗೆ ಒಂದರಿಂದ ಇನ್ನೊಂದಕ್ಕೆ ಕರೆದೊಯ್ಯುವುದೇ ಲಿಂಕ್. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಈ ತಂತ್ರವನ್ನು ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಬಿಟ್ಟುಕೊಟ್ಟಿತು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ದಿನ. ಅಂದು ಅದಕ್ಕೆ ಬೆಲೆ ಕಟ್ಟಿದ್ದರೆ ವೆಬ್ ನಮ್ಮ ಊರಿನವರೆಗೆ ಬರುತ್ತಿತ್ತೋ ಇಲ್ಲವೋ.

ಆಗಿನ ವೆಬ್ ಪುಟ ಎಂದರೆ ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಿದ ನೋಟಿಸು. ಬಂದವರು ಓದಬಹುದು, ಅಷ್ಟೇ. ಎಲ್ಲರಿಗೂ ಅದೇ ಕಾಗದ. ಪ್ರಶ್ನೆ ಕೇಳಿದರೆ ಗೋಡೆ ಉತ್ತರ ಕೊಡುವುದಿಲ್ಲ. ಅದೇ 1993ರಲ್ಲಿ ಮೊಸಾಯಿಕ್ ಎಂಬ ಬ್ರೌಸರ್ ಬಂದು ಅಕ್ಷರದ ನಡುವೆಯೇ ಚಿತ್ರವನ್ನೂ ತೋರಿಸಿತು. ನೋಟಿಸು ಚೆಂದವಾಯಿತು, ಆದರೂ ಅದು ನೋಟಿಸೇ.

ಫಾರ್ಮು ತುಂಬಿ ಕಳಿಸುವ ಕಾಲ

ಗೋಡೆಗೆ ಬಾಯಿ ಬಂದದ್ದು ಫಾರ್ಮಿನಿಂದ. ಪುಟದಲ್ಲಿ ಖಾಲಿ ಚೌಕ, ಅದರ ಕೆಳಗೆ ಒಂದು ಗುಂಡಿ. ನೀವು ತುಂಬಿ ಒತ್ತಿದಾಗ ಆ ವಿವರ ಸರ್ವರಿಗೆ ಹೋಗುತ್ತದೆ. ಅಲ್ಲಿ ಒಂದು ಪ್ರೋಗ್ರಾಂ ಅದನ್ನು ಓದುತ್ತದೆ. ಡೇಟಾಬೇಸ್ ಎಂಬ ದೊಡ್ಡ ಖಾತೆ ಪುಸ್ತಕವನ್ನು ತೆರೆದು ನಿಮ್ಮ ಸಾಲನ್ನು ಹುಡುಕುತ್ತದೆ. ಸಿಕ್ಕಿದ್ದನ್ನು ಹೊಸ ಪುಟವಾಗಿ ಬರೆದು ವಾಪಸ್ ಕಳಿಸುತ್ತದೆ. 1993ರಲ್ಲೇ ಇದಕ್ಕೊಂದು ಪದ್ಧತಿ ಬಂತು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊರತಂದ ಪಿಎಚ್‌ಪಿ ಎಂಬ ಭಾಷೆ ಇಂಥ ಪ್ರೋಗ್ರಾಂ ಬರೆಯುವುದನ್ನು ಬಹಳ ಸುಲಭ ಮಾಡಿತು.

ನಾನು ಇದನ್ನು ಮೊದಲು ಕಂಡದ್ದು ಪಿಯುಸಿ ರಿಸಲ್ಟ್ ದಿನ, ಸೂಪರ್ ಮಾರ್ಕೆಟ್ ಕಡೆಯ ಒಂದು ಸೈಬರ್ ಕೆಫೆಯಲ್ಲಿ. ಮೊಡೆಮ್ ಕಿರ್ರ್ ಎಂದು ಫೋನ್ ಹಚ್ಚುತ್ತಿತ್ತು. ನೋಂದಣಿ ಸಂಖ್ಯೆ ಬರೆದು ಗುಂಡಿ ಒತ್ತಿ, ಎದೆ ಹಿಡಿದುಕೊಂಡು ಕೂರುತ್ತಿದ್ದೆವು. ಪುಟ ಮೇಲಿನಿಂದ ಒಂದೊಂದೇ ಸಾಲಾಗಿ ಇಳಿಯುತ್ತಿತ್ತು. ನಾನು ಕೇಳುವ ಮುಂಚೆ ನನ್ನ ಅಂಕಗಳ ಆ ಪುಟ ಎಲ್ಲಿಯೂ ಇರಲಿಲ್ಲ ಎಂಬುದು ಆಗ ಗೊತ್ತಿರಲಿಲ್ಲ. ನಾನು ಕೇಳಿದ ಮೇಲೆ, ನನಗಾಗಿಯೇ, ಆ ಕ್ಷಣಕ್ಕೆ ಅದನ್ನು ತಯಾರಿಸಿದ್ದರು. ನೋಟಿಸಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಎಂಬ ಸರ್ಕಾರಿ ಕಂಪನಿಯ ಮೂಲಕ. 2002ರಲ್ಲಿ ಐಆರ್‌ಸಿಟಿಸಿ ರೈಲು ಟಿಕೆಟ್ ಮಾರಲು ಶುರು ಮಾಡಿತು. ಆಗ ಬುಕಿಂಗ್ ವೆಬ್‌ನಲ್ಲಿ, ಟಿಕೆಟ್ ಮಾತ್ರ ಕೊರಿಯರ್‌ನಲ್ಲಿ ಮನೆಗೆ ಬರುತ್ತಿತ್ತು.

ಮರೆವಿನ ಸರ್ವರ್, ನೆನಪಿನ ಚೀಟಿ

ಈ ಪದ್ಧತಿಯಲ್ಲಿ ಒಂದು ವಿಚಿತ್ರ ಇದೆ. ಸರ್ವರಿಗೆ ನೆನಪಿರುವುದಿಲ್ಲ. ನೀವು ಒಂದು ಪುಟ ಕೇಳಿದಿರಿ, ಕೊಟ್ಟಿತು, ಮರೆಯಿತು. ಮರುಕ್ಷಣ ಇನ್ನೊಂದು ಕೇಳಿದರೆ ಅದರ ಪಾಲಿಗೆ ನೀವು ಹೊಸಬರು. ಓದುವ ಪುಟಕ್ಕೆ ಇದು ಸಾಕು. ಆದರೆ ಅಂಗಡಿಯಲ್ಲಿ? ಒಂದು ಸೀರೆ ಆರಿಸಿ ಪಕ್ಕಕ್ಕಿಟ್ಟು ಇನ್ನೊಂದನ್ನು ನೋಡಲು ಹೋದರೆ, ಮೊದಲಿನದು ಯಾರದು ಎಂದು ಅಂಗಡಿಯವರಿಗೆ ಗೊತ್ತಾಗಬೇಡವೇ?

1994ರಲ್ಲಿ, ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲ್ಲಿ ಇದಕ್ಕೆ ಉಪಾಯ ಕಂಡುಹಿಡಿದರು. ದವಾಖಾನೆಗೆ ಹೋದರೆ ಮೊದಲು ಚೀಟಿ ಮಾಡಿಸುತ್ತೇವಲ್ಲ, ಹಾಗೆ. ಆ ಚೀಟಿ ನಮ್ಮ ಹತ್ತಿರ ಇರುತ್ತದೆ. ಡಾಕ್ಟರ ಕೋಣೆ, ರಕ್ತ ಪರೀಕ್ಷೆ, ಔಷಧದ ಕಿಟಕಿ, ಎಲ್ಲ ಕಡೆ ಅದನ್ನೇ ತೋರಿಸುತ್ತೇವೆ. ಚೀಟಿಯ ನಂಬರ್ ನೋಡಿ ಅವರು ನಮ್ಮ ಕಡತ ತೆಗೆಯುತ್ತಾರೆ. ಸರ್ವರ್ ಬ್ರೌಸರಿಗೆ ಕೊಡುವ ಇಂಥ ಚೀಟಿಯ ಹೆಸರು ಕುಕೀ.

ಅರ್ಧ ಅರ್ಜಿ ತುಂಬಿ, ಯಾವುದೋ ಕಾಗದ ಹುಡುಕಲು ಎದ್ದು ಹೋಗಿ ಬಂದಾಗ ‘ಸೆಷನ್ ಎಕ್ಸ್‌ಪೈರ್ಡ್’ ಅಂತ ಬರುತ್ತದೆ. ಅಂದರೆ ನಿಮ್ಮ ಚೀಟಿಯ ಅವಧಿ ಮುಗಿಯಿತು. ಬೇರೆಯವರು ನಿಮ್ಮ ಜಾಗದಲ್ಲಿ ಬಂದು ಕೂತು ನಿಮ್ಮ ಹೆಸರಿನಲ್ಲಿ ಕೆಲಸ ಮಾಡಬಾರದು ಅಂತ ಬೇಕೆಂದೇ ಅವಧಿ ಇಟ್ಟಿರುತ್ತಾರೆ. ಆನ್‌ಲೈನ್ ಸೆಂಟರಿನ ಕಂಪ್ಯೂಟರಿನಲ್ಲಿ ಕೆಲಸ ಮುಗಿಸಿ ಲಾಗ್‌ಔಟ್ ಮಾಡದೆ ಎದ್ದರೆ, ನಿಮ್ಮ ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಬಂದ ಹಾಗೆ.

ಇದೇ ಚೀಟಿ ಮುಂದೆ ಜಾಹೀರಾತಿನವರ ಕೈಗೂ ಹೋಯಿತು. ಒಂದು ಕಡೆ ಫ್ರಿಜ್ ನೋಡಿದರೆ ವಾರವಿಡೀ ಎಲ್ಲ ಪುಟಗಳಲ್ಲೂ ಫ್ರಿಜ್ ಜಾಹೀರಾತು ಬರುವುದಕ್ಕೆ ಇಂಥ ಗುರುತಿನ ಚೀಟಿಗಳು ಒಂದು ಕಾರಣ.

ಬ್ರೌಸರಿಗೂ ಬುದ್ಧಿ ಬಂತು

ಮೊಬೈಲ್ ನಂಬರ್ ತುಂಬುವಾಗ ಒಂಬತ್ತೇ ಅಂಕಿ ಬರೆದರೆ ತಕ್ಷಣ ಕೆಂಪು ಅಕ್ಷರದಲ್ಲಿ ‘ಹತ್ತು ಅಂಕಿ ಬೇಕು’ ಎಂದು ಬರುತ್ತದೆ. ಇದನ್ನು ಹೇಳಿದ್ದು ಸರ್ವರ್ ಅಲ್ಲ. ನಿಮ್ಮ ಫೋನಿನೊಳಗಿನ ಬ್ರೌಸರೇ ಎಣಿಸಿ ಹೇಳಿತು. ಮೊದಲು ಇಷ್ಟು ಸಣ್ಣ ತಪ್ಪಿಗೂ ಫಾರ್ಮು ಸರ್ವರಿನವರೆಗೆ ಹೋಗಿ, ತಪ್ಪಾಗಿದೆ ಎನಿಸಿಕೊಂಡು ವಾಪಸ್ ಬರಬೇಕಿತ್ತು. ಫೋನ್ ಹಚ್ಚಿ ಇಂಟರ್ನೆಟ್ ಹಿಡಿಯುತ್ತಿದ್ದ ಡಯಲ್-ಅಪ್ ಕಾಲದಲ್ಲಿ ಅದಕ್ಕೇ ನಿಮಿಷಗಟ್ಟಲೆ ಹಿಡಿಯುತ್ತಿತ್ತು.

ಬ್ರೌಸರಿಗೆ ಈ ಬುದ್ಧಿ ಕೊಟ್ಟಿದ್ದು ಜಾವಾಸ್ಕ್ರಿಪ್ಟ್ ಎಂಬ ಭಾಷೆ. ನೆಟ್‌ಸ್ಕೇಪ್‌ನಲ್ಲಿದ್ದ ಬ್ರೆಂಡನ್ ಐಕ್ 1995ರ ಮೇ ತಿಂಗಳಿನಲ್ಲಿ ಬರೀ ಹತ್ತು ದಿನದಲ್ಲಿ ಅದರ ಮೊದಲ ರೂಪವನ್ನು ಬರೆದರು. ಜಾವಾ ಎಂಬುದು ಬೇರೆಯೇ ಭಾಷೆ. ಆಗ ಅದಕ್ಕೆ ಭಾರಿ ಹೆಸರಿತ್ತು, ಆ ಹೆಸರನ್ನು ಇದಕ್ಕೂ ಸೇರಿಸಿಕೊಂಡರು, ಅಷ್ಟೇ. ಫ್ಲ್ಯಾಶ್ ಎಂಬ ಇನ್ನೊಂದು ತಂತ್ರವೂ ಬಹಳ ವರ್ಷ ಆಟ, ವಿಡಿಯೊ ತೋರಿಸುತ್ತಿತ್ತು. 2020ರ ಕೊನೆಗೆ ಅದರ ಕಾಲ ಮುಗಿಯಿತು. ಜಾವಾಸ್ಕ್ರಿಪ್ಟ್ ಇಂದಿಗೂ ನಿಮ್ಮ ಫೋನಿನಲ್ಲಿ ಓಡುತ್ತಿದೆ.

ತಾಟು ಎತ್ತದೆ ರೊಟ್ಟಿ ಬಡಿಸುವುದು

ಈಗ ಖಾನಾವಳಿಗೆ ವಾಪಸ್ ಬರೋಣ. ನೀವು ಊಟಕ್ಕೆ ಕೂತಿದ್ದೀರಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಂತು. ಇನ್ನೊಂದು ರೊಟ್ಟಿ ಬೇಕು ಅಂದಿರಿ. ಬಡಿಸುವವರು ನಿಮ್ಮ ಮುಂದಿನ ತಾಟನ್ನೇ ಎತ್ತಿಕೊಂಡು ಒಳಗೆ ಹೋದರು. ಐದು ನಿಮಿಷ ಬಿಟ್ಟು ಹೊಸ ತಾಟು ತಂದರು. ಅದೇ ಪಲ್ಯ, ಅದೇ ಹಿಂಡಿ, ಜೊತೆಗೆ ಒಂದು ಹೆಚ್ಚಿನ ರೊಟ್ಟಿ. ಉಪ್ಪು ಕೇಳಿದರೂ ಹಾಗೇ. ಅಂಥ ಕಡೆ ಯಾರಾದರೂ ಉಣ್ಣುತ್ತಾರಾ?

2000ದ ಆಸುಪಾಸಿನವರೆಗೆ ವೆಬ್ ಹೆಚ್ಚುಕಡಿಮೆ ಹೀಗೇ ಇತ್ತು. ಏನೇ ಒತ್ತಿದರೂ ಇಡೀ ಪುಟ ಹೋಗಿ, ಪರದೆ ಬೆಳ್ಳಗಾಗಿ, ಇಡೀ ಪುಟ ಮತ್ತೆ ಬರುತ್ತಿತ್ತು. ನಕ್ಷೆ ತೋರಿಸುವ ಸೈಟಿನಲ್ಲಿ ಸ್ವಲ್ಪ ಬಲಕ್ಕೆ ನೋಡಬೇಕಾದರೆ ಬಾಣದ ಗುರುತು ಒತ್ತಿ ಕಾಯಬೇಕಿತ್ತು.

ತಾಟು ಎತ್ತದೆ ಒಂದು ರೊಟ್ಟಿ ಮಾತ್ರ ತಂದು ಬಡಿಸುವ ತಂತ್ರ 1999ರಲ್ಲೇ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಎಂಬ ಬ್ರೌಸರಿನಲ್ಲಿ ಬಂದಿತ್ತು. ಬ್ರೌಸರ್ ಬೆನ್ನ ಹಿಂದೆಯೇ ಸರ್ವರ್ ಹತ್ತಿರ ಸಣ್ಣದೊಂದು ಮಾತು ಆಡಿ, ಬೇಕಾದಷ್ಟೇ ಮಾಹಿತಿ ತರಿಸಿಕೊಂಡು, ಪುಟದ ಅದೊಂದು ಮೂಲೆಯನ್ನು ಮಾತ್ರ ಬದಲಿಸುತ್ತದೆ. ಉಳಿದ ಪುಟ ಅಲ್ಲಾಡುವುದಿಲ್ಲ. ಆದರೆ ಜನರ ಕಣ್ಣಿಗೆ ಇದು ಬಿದ್ದದ್ದು 2004ರ ಏಪ್ರಿಲ್ 1ರಂದು ಜಿಮೇಲ್ ಬಂದಾಗ, ಆಮೇಲೆ 2005ರ ಫೆಬ್ರುವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ. ಅದೇ ತಿಂಗಳು ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಈ ತಂತ್ರಕ್ಕೆ ‘ಅಜಾಕ್ಸ್’ ಎಂದು ಹೆಸರಿಟ್ಟರು.

ಮ್ಯಾಪ್ಸ್ ತೆರೆದು ಕಲಬುರಗಿ ಕೋಟೆಯ ಮೇಲೆ ಬೆರಳಿಟ್ಟು ಶರಣಬಸವೇಶ್ವರ ಗುಡಿಯ ಕಡೆ ಎಳೆದು ನೋಡಿ. ನಕ್ಷೆ ಜೊತೆಗೇ ಸರಿಯುತ್ತದೆ. ಅಂಚಿನಲ್ಲಿ ಖಾಲಿ ಚೌಕಗಳು ಕಂಡು, ಒಂದೊಂದಾಗಿ ತುಂಬಿಕೊಳ್ಳುತ್ತವೆ. ಇಡೀ ನಕ್ಷೆಯನ್ನು ಪರ್ಸಿ ಕಲ್ಲಿನ ಹಾಸಿನ ಹಾಗೆ ಸಣ್ಣ ಚೌಕಗಳಾಗಿ ಕತ್ತರಿಸಿಟ್ಟಿದ್ದಾರೆ. ನೀವು ಎಳೆದ ಕಡೆಯ ಚೌಕಗಳನ್ನು ಮಾತ್ರ ಬ್ರೌಸರ್ ತರಿಸಿಕೊಳ್ಳುತ್ತದೆ. ನೆಟ್‌ವರ್ಕ್ ನಿಧಾನ ಇದ್ದಾಗ ಈ ಹಾಸುವ ಕೆಲಸ ಬರಿಗಣ್ಣಿಗೇ ಕಾಣುತ್ತದೆ.

ವೆಬ್ ಪುಟ ‘ಓದುವ ಕಾಗದ’ ಆಗಿದ್ದದ್ದು ‘ಕೆಲಸ ಮಾಡುವ ಉಪಕರಣ’ ಆದದ್ದು ಇಲ್ಲಿಯೇ. ಜನ ತಾವೇ ಬರೆಯುವ, ಫೋಟೊ ಹಾಕುವ, ಮಾರುವ, ಕೊಳ್ಳುವ ಜಾಗವಾಗಿ ವೆಬ್ ಬದಲಾಯಿತು. ಈ ಬದಲಾದ ವೆಬ್‌ಗೆ ವೆಬ್ 2.0 ಎಂಬ ಹೆಸರು ಹರಡಿದ್ದೂ 2004ರಿಂದಲೇ.

ಇನ್ನೊಂದು ಕೊರತೆ ಉಳಿದಿತ್ತು. ಯಾವಾಗಲೂ ಬ್ರೌಸರೇ ಕೇಳಬೇಕು, ಸರ್ವರ್ ತಾನಾಗಿ ಮಾತಾಡುವಂತಿಲ್ಲ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಗೆ ಐದು ನಿಮಿಷಕ್ಕೊಮ್ಮೆ ಹೋಗಿ ‘ಬೀದರ್ ಗಾಡಿ ಬಂತೇನ್ರಿ?’ ಎಂದು ಕೇಳಿದ ಹಾಗೆ. 2011ರಲ್ಲಿ ವೆಬ್‌ಸಾಕೆಟ್ ಎಂಬ ನಿಯಮ ಗಟ್ಟಿಯಾದ ಮೇಲೆ ಇಬ್ಬರ ನಡುವೆ ಲೈನು ತೆರೆದೇ ಇರುವಂತಾಯಿತು. ಗಾಡಿ ಬಂದಾಗ ಮೈಕಿನಲ್ಲಿ ಅವರೇ ಕೂಗುತ್ತಾರೆ. ನೇರ ಕ್ರಿಕೆಟ್ ಸ್ಕೋರು, ಚಾಟು, ಕ್ಷಣಕ್ಷಣಕ್ಕೂ ಬದಲಾಗುವ ದರಗಳಿಗೆಲ್ಲ ಇಂಥ ತೆರೆದ ಲೈನು ಬಹಳ ಅನುಕೂಲ.

ದುಡ್ಡು ಬಂದ ದಾರಿ

ತಂತ್ರ ಬೆಳೆದದ್ದು ಸುಮ್ನೆ ಅಲ್ಲ, ಹಿಂದೆ ದುಡ್ಡಿತ್ತು. 1995ರ ಆಗಸ್ಟ್ 9ರಂದು ನೆಟ್‌ಸ್ಕೇಪ್ ಕಂಪನಿ ಷೇರು ಮಾರಿತು. ಇನ್ನೂ ಲಾಭವನ್ನೇ ಕಾಣದ ಕಂಪನಿ. 28 ಡಾಲರಿನ ಷೇರು ಆ ಸಂಜೆಗೆ 58 ಡಾಲರ್ ದಾಟಿತ್ತು. ಅಲ್ಲಿಂದ ಹೆಸರಿನ ಮುಂದೆ ಡಾಟ್ ಕಾಂ ಇದ್ದವರಿಗೆಲ್ಲ ಹಣ ಹರಿಯಿತು. ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರಲ್ಲಿ ಶುರು ಮಾಡಿದ ಹಾಟ್‌ಮೇಲನ್ನು ಮರುವರ್ಷವೇ ಮೈಕ್ರೋಸಾಫ್ಟ್ ಕೊಂಡಿತು. ನಮ್ಮ ದೇಶದಲ್ಲಿ 1999ರಲ್ಲಿ ಸತ್ಯಂ ಇನ್ಫೋವೇ ಕಂಪನಿ ಇಂಡಿಯಾವರ್ಲ್ಡ್ ಎಂಬ ವೆಬ್‌ಸೈಟುಗಳ ಗುಂಪಿಗೆ 499 ಕೋಟಿ ರೂಪಾಯಿ ಕೊಡಲು ಒಪ್ಪಿತು. ಬರೀ ವೆಬ್‌ಸೈಟಿಗೆ ಇಷ್ಟು ದುಡ್ಡಾ ಎಂದು ಜನ ಬೆರಗಾಗಿದ್ದರು.

ಮಳೆ ಬಂದೇ ಬರುತ್ತದೆ ಅಂತ ಸಾಲ ಮಾಡಿ ಬಿತ್ತಿದ ಹಾಗಾಗಿತ್ತು ಪರಿಸ್ಥಿತಿ. ಅಮೆರಿಕದ ನ್ಯಾಸ್‌ಡ್ಯಾಕ್ ಷೇರು ಸೂಚ್ಯಂಕ 2000ದ ಮಾರ್ಚ್ 10ರಂದು 5,048 ಮುಟ್ಟಿತು. 2002ರ ಅಕ್ಟೋಬರ್ ಹೊತ್ತಿಗೆ ಅದರ ನಾಲ್ಕನೇ ಒಂದು ಭಾಗವೂ ಉಳಿದಿರಲಿಲ್ಲ. ಎಷ್ಟೋ ಕಂಪನಿಗಳು ಮುಚ್ಚಿದವು. ಆದರೆ ಆ ಹುಮ್ಮಸ್ಸಿನಲ್ಲಿ ಸಮುದ್ರದಡಿ ಹಾಕಿದ ಕೇಬಲ್ಲುಗಳು ಉಳಿದವು, ಕೆಲಸ ಕಲಿತವರು ಉಳಿದರು. ಮುಂದಿನ ಬೆಳೆ ಬಂದದ್ದು ಆ ನೆಲದಲ್ಲೇ.

ಉಳಿದ ಕಂಪನಿಗಳು ದುಡಿಯಲು ಬೇರೆ ಬೇರೆ ದಾರಿ ಹಿಡಿದವು. ಒಂದು, ಸೇವೆ ಪುಕ್ಕಟೆ ಕೊಟ್ಟು ಜಾಹೀರಾತು ತೋರಿಸುವುದು. ಗೂಗಲ್ ತನ್ನ ಜಾಹೀರಾತು ಸೇವೆಯನ್ನು 2000ದಲ್ಲಿ ಶುರು ಮಾಡಿತು. ನೀವು ಏನು ಹುಡುಕುತ್ತೀರಿ ಎಂಬುದೇ ಇಲ್ಲಿ ಬೆಲೆಬಾಳುವ ಸರಕು. ಇನ್ನೊಂದು, ಪ್ರತಿ ಮಾರಾಟದಲ್ಲಿ ಸ್ವಲ್ಪ ಕಮಿಷನ್, ಗಂಜಿನ, ಅಂದರೆ ಎಪಿಎಂಸಿ ಮಾರುಕಟ್ಟೆಯ, ಅಡತಿಯವರ ಹಾಗೆ. ಮತ್ತೊಂದು, ತಿಂಗಳಿಗಿಷ್ಟು ಎಂದು ಬಾಡಿಗೆ.

ಈ ಉದ್ಯಮದ ಚರಿತ್ರೆಯನ್ನು ನಮ್ಮ ಕಡೆಯವರು ಕಂಪ್ಯೂಟರ್ ಕೋರ್ಸಿನ ಸೆಂಟರುಗಳೇ ತುಂಬಿದ ಹೈದರಾಬಾದಿನ ಅಮೀರ್‌ಪೇಟೆಯ ಬೋರ್ಡುಗಳಲ್ಲೇ ಓದಬಹುದಿತ್ತು. ಕಲಬುರಗಿ, ಬೀದರ್, ಯಾದಗಿರಿಯಿಂದ ಇಂಜಿನಿಯರಿಂಗ್ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರು ಬೆಂಗಳೂರಿಗಿಂತ ಹತ್ತಿರ ಅಂತ ಅಲ್ಲಿಗೆ ಹೋಗಿ, ಪಿಜಿಗಳಲ್ಲಿ ಉಳಿದು ಕೋರ್ಸ್ ಮಾಡಿದ್ದಾರೆ. ಒಂದು ಕಾಲಕ್ಕೆ ಬೋರ್ಡುಗಳ ತುಂಬ ಜಾವಾ, ಡಾಟ್ ನೆಟ್. ಆಮೇಲೆ ಆಂಗ್ಯುಲರ್, ರಿಯಾಕ್ಟ್, ಕ್ಲೌಡ್. ‘ಫುಲ್ ಸ್ಟ್ಯಾಕ್’ ಎಂಬ ಮಾತು ಈಗ ಎಲ್ಲ ಕಡೆ ಇದೆ. ತಾಟಿನ ಕಡೆಯ ಕೆಲಸವೂ ಗೊತ್ತು, ಅಡುಗೆಮನೆಯ ಕೆಲಸವೂ ಗೊತ್ತು ಎಂಬುದು ಅದರ ಅರ್ಥ.

ಕೊಯ್ಲಿನ ಯಂತ್ರದಂತೆ ಬಾಡಿಗೆ ಸರ್ವರ್

ತೊಗರಿ ಕೊಯ್ಯುವ ದೊಡ್ಡ ಯಂತ್ರವನ್ನು ಎಲ್ಲ ರೈತರೂ ಕೊಳ್ಳುವುದಿಲ್ಲ. ವರ್ಷದಲ್ಲಿ ಕೆಲವು ದಿನದ ಕೆಲಸಕ್ಕೆ ಲಕ್ಷಗಟ್ಟಲೆ ಯಾರು ಹಾಕುತ್ತಾರೆ? ಗಂಟೆ ಲೆಕ್ಕದಲ್ಲಿ ತರಿಸಿಕೊಳ್ಳುತ್ತಾರೆ. 2006ರಲ್ಲಿ ಅಮೆಜಾನ್ ಇದನ್ನೇ ಸರ್ವರಿಗೆ ಮಾಡಿತು. ತನ್ನ ಕಂಪ್ಯೂಟರುಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿತು. ಇದಕ್ಕೇ ಕ್ಲೌಡ್ ಎನ್ನುವುದು. ಹೆಸರು ಮೋಡ, ಆದರೆ ಆಕಾಶದಲ್ಲಿ ಏನೂ ಇಲ್ಲ. ದೊಡ್ಡ ದೊಡ್ಡ ಕಟ್ಟಡ, ಒಳಗೆ ಕಪಾಟಿನಂತೆ ಜೋಡಿಸಿದ ಸಾವಿರಾರು ಕಂಪ್ಯೂಟರು, ಅವು ಕಾಯದಂತೆ ತಂಪು ಮಾಡುವ ಯಂತ್ರಗಳು, ಕರೆಂಟು ಹೋದರೆ ಜನರೇಟರು. ಈ ಕಟ್ಟಡವೇ ಡೇಟಾ ಸೆಂಟರ್.

ಜೇವರ್ಗಿಯ ಆ ಹಿರಿಯರಿಗೆ ಇಲ್ಲಿ ನೇರ ಉತ್ತರ ಸಿಗುತ್ತದೆ. ರಾಜ್ಯ ಸರ್ಕಾರದ ಸ್ವಂತ ಡೇಟಾ ಸೆಂಟರ್ ಬೆಂಗಳೂರಿನಲ್ಲಿದೆ. ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಇಂಥ ಕಟ್ಟಡಗಳ ಗುಂಪು ತೆರೆದಿದೆ. ದೂರಕ್ಕೂ ಬೆಲೆ ಇದೆ. ಗಾಜಿನ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನಮ್ಮ ಪ್ರಶ್ನೆ ಅಮೆರಿಕಕ್ಕೆ ಹೋಗಿ ಉತ್ತರ ತರಲು ಸೆಕೆಂಡಿನ ಐದನೇ ಒಂದು ಭಾಗಕ್ಕೂ ಹೆಚ್ಚು ಬೇಕು. ಹೈದರಾಬಾದಿಗೆ ಅದರ ಒಂದು ಚೂರು ಸಾಕು. ಒಂದು ಪುಟಕ್ಕಾಗಿ ಬ್ರೌಸರ್ ಇಂಥ ನೂರು ಪ್ರಶ್ನೆ ಕೇಳುವುದುಂಟು, ಆಗ ಆ ಚೂರುಗಳೆಲ್ಲ ಕೂಡಿ ನಮ್ಮ ಕಾಯುವಿಕೆ ಆಗುತ್ತವೆ.

ಪುಟ ಹೋಗಿ ಪ್ರೋಗ್ರಾಂ ಬಂತು

ಗೂಗಲ್ 2008ರಲ್ಲಿ ಕ್ರೋಮ್ ತಂದಿತು, ಅದರಲ್ಲಿ ಜಾವಾಸ್ಕ್ರಿಪ್ಟ್ ಬಹಳ ವೇಗವಾಗಿ ಓಡುತ್ತಿತ್ತು. 2010ರಲ್ಲಿ ಆಂಗ್ಯುಲರ್‌ಜೆಎಸ್, 2013ರಲ್ಲಿ ಫೇಸ್‌ಬುಕ್‌ನ ರಿಯಾಕ್ಟ್ ಬಂದವು. ಇವು ದೊಡ್ಡ ವೆಬ್ ಆ್ಯಪ್ ಕಟ್ಟಲು ಬೇಕಾದ ಸಾಮಾನಿನ ಪೆಟ್ಟಿಗೆಗಳು. ಇಲ್ಲಿಂದ ರೀತಿಯೇ ತಿರುಗಿತು. ಈಗ ಎಷ್ಟೋ ಸೈಟುಗಳಲ್ಲಿ ಸರ್ವರ್ ಬೇಯಿಸಿದ ರೊಟ್ಟಿ ಕಳಿಸುವುದಿಲ್ಲ. ಮೊದಲ ಸಲವೇ ಹಂಚು, ಹಿಟ್ಟು ನಾದುವ ಕೊಣಮಿಗಿ, ರೊಟ್ಟಿ ಬಡಿಯುವ ವಿದ್ಯೆ ಎಲ್ಲವನ್ನೂ ನಿಮ್ಮ ಫೋನಿಗೆ ಕಳಿಸಿಬಿಡುತ್ತದೆ. ಆಮೇಲೆ ಹಿಟ್ಟು ಮಾತ್ರ ಕಳಿಸುತ್ತದೆ. ರೊಟ್ಟಿ ಬಡಿಯುವುದು ನಿಮ್ಮ ಫೋನೇ.

ಕೆಲವು ಸೈಟುಗಳನ್ನು ತೆರೆದಾಗ ಮೊದಲು ಬಹಳ ಹೊತ್ತು ಬಿಳಿ ಪರದೆ ಕಾಣುತ್ತದೆ, ಒಮ್ಮೆ ಬಂದ ಮೇಲೆ ಸರಸರ ಓಡುತ್ತದೆ. ಕಾರಣ ಇದೇ. ಹಳೆಯ ಫೋನಿನಲ್ಲಿ ಅದೇ ಸೈಟು ತಡವರಿಸುತ್ತದೆ, ಹೊಸದರಲ್ಲಿ ಸಲೀಸು. ಅದಕ್ಕೂ ಕಾರಣ ಇದೇ. ಅರ್ಧ ಕೆಲಸ ಈಗ ನಮ್ಮ ಕೈಯಲ್ಲಿದೆ. ನಗರದಲ್ಲಿ ಕೂತು, ಒಳ್ಳೆಯ ಫೋನು, ಒಳ್ಳೆಯ ನೆಟ್‌ವರ್ಕ್ ಇಟ್ಟುಕೊಂಡು ಸೈಟು ಕಟ್ಟುವವರಿಗೆ ಚಿಂಚೋಳಿ ಕಾಡಿನಂಚಿನ ಊರಿನವರ ಬಿಳಿ ಪರದೆ ಕಾಣುವುದಿಲ್ಲ. ಅವರು ಒಂದು ದಿನ ಅಲ್ಲಿ ಕೂತು ತಮ್ಮ ಸೈಟು ತೆರೆದು ನೋಡಬೇಕು ಎಂದು ನನಗೆ ಬಹಳ ಸಲ ಅನಿಸಿದೆ.

ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ನಡೆಯುವ ಹಾಗೆ ಕಟ್ಟಲು ಬರುತ್ತದೆ. ಒಮ್ಮೆ ತಂದ ಸಾಮಾನನ್ನು ಫೋನಿನಲ್ಲೇ ಉಳಿಸಿಕೊಂಡು, ನೀವು ತುಂಬಿದ್ದನ್ನು ಅಲ್ಲೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುವ ತಂತ್ರ ಬ್ರೌಸರುಗಳಲ್ಲಿ ಈಗ ಇದೆ. ಹೊಲದಲ್ಲಿ ಫೋಟೊ ತೆಗೆದು ಊರಿಗೆ ಬಂದು ಅಪ್‌ಲೋಡ್ ಮಾಡಬೇಕಾದಂಥ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು.

ಪಹಣಿಯಿಂದ ಗಂಜಿನವರೆಗೆ

ಈ ದಾರಿಯ ಎಲ್ಲ ಮೆಟ್ಟಿಲುಗಳೂ ನಮ್ಮ ಪಹಣಿಯಲ್ಲೇ ಕಾಣುತ್ತವೆ. ಮೊದಲು ಕೈಬರಹದ ಪುಸ್ತಕ, ಅದು ತಲಾಠಿ ಹತ್ತಿರ. 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿಸಿತು. ಆಗಲೂ ತಾಲ್ಲೂಕು ಕಚೇರಿಗೆ ಹೋಗಿ 15 ರೂಪಾಯಿ ಕೊಟ್ಟು ಪಾಳಿ ಹಚ್ಚಬೇಕಿತ್ತು. ಆಮೇಲೆ ಅದು ವೆಬ್‌ಗೆ ಬಂತು, ಸರ್ವೆ ನಂಬರ್ ಹೊಡೆದು ಮನೆಯಲ್ಲೇ ನೋಡುವಂತಾಯಿತು. ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಎಫ್‌ಐಡಿ ಎಂಬ ರೈತರ ಗುರುತಿನ ನಂಬರ್ ಕೊಟ್ಟರೆ ಅದು ಭೂಮಿಯ ಸರ್ವರನ್ನು ತಾನೇ ಕೇಳಿ ಜಮೀನಿನ ವಿವರ ತರಿಸಿಕೊಳ್ಳುತ್ತದೆ. ಒಂದು ಸರ್ವರ್ ಇನ್ನೊಂದನ್ನು ಹೀಗೆ ಕೇಳಲು ಇರುವ ಗೊತ್ತಾದ ಕಿಟಕಿಗೆ ಎಪಿಐ ಎನ್ನುತ್ತಾರೆ. ಯಾವ ಕಾಗದ ಹೇಗೆ ಕೊಟ್ಟರೆ ಏನು ಸಿಗುತ್ತದೆ ಎಂದು ಮೊದಲೇ ಬರೆದಿಟ್ಟ ಕಿಟಕಿ.

ಗಂಜಿನಲ್ಲೂ ಹಾಗೇ. 2014ರಿಂದ ರಾಜ್ಯದ ಎಪಿಎಂಸಿಗಳಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬರತೊಡಗಿತು. ರೈತರು ತಂದ ಮಾಲಿಗೆ ಲಾಟ್ ನಂಬರ್, ಖರೀದಿದಾರರು ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ, ಹೊತ್ತು ಮುಗಿದಾಗ ಹೆಚ್ಚಿನ ದರ ಯಾರದೆಂದು ತೋರುತ್ತದೆ. ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದ ಟೆಂಡರೇ ವೆಬ್ ಆ್ಯಪ್ ಆಗಿದೆ. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಜಿಯೋ ಬಂದು ಡೇಟಾ ಅಗ್ಗವಾಯಿತು. ತಿಂಗಳಿಗೆ 1 ಜಿಬಿ ಹಾಕಿಸಿಕೊಂಡು ಎಣಿಸಿ ಎಣಿಸಿ ಬಳಸುತ್ತಿದ್ದವರು ನಾವು.

ಕನ್ನಡ ಅಕ್ಷರದ ಮಾತೂ ಇಲ್ಲಿ ಸೇರುತ್ತದೆ. ಹಳೆಯ ಫಾಂಟಿನಲ್ಲಿ ಬರೆದದ್ದನ್ನು ವೆಬ್ ಫಾರ್ಮಿಗೆ ಅಂಟಿಸಿದರೆ ಅಕ್ಷರಗಳ ಬದಲು ಏನೇನೋ ಚಿಹ್ನೆ ಬರುತ್ತವೆ. ಲೋಕದ ಪ್ರತಿ ಅಕ್ಷರಕ್ಕೂ ಒಂದು ಖಾಯಂ ನಂಬರ್ ಕೊಡುವ ಯುನಿಕೋಡ್ ಇದನ್ನು ಬಗೆಹರಿಸಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಹೆಸರನ್ನು ಯುನಿಕೋಡ್‌ನಲ್ಲಿ ಬರೆದರೆ ಮಾತ್ರ ಬೇರೆ ಸರ್ವರ್ ಅದನ್ನು ಹುಡುಕಿ ಕೊಡಬಲ್ಲದು.

ಹಾಗಾದರೆ ‘ಸರ್ವರ್ ಡೌನ್’ ಅಂದರೆ ಏನು?

ಆ ಎರಡು ಮಾತಿನ ಹಿಂದೆ ನಾಲ್ಕೈದು ಬೇರೆ ಬೇರೆ ಕಾರಣ ಇರಬಹುದು. ಕಂಪ್ಯೂಟರೇ ನಿಂತಿರುವುದು ಅಪರೂಪ. ಸಾಮಾನ್ಯವಾಗಿ ಆಗುವುದು ಗದ್ದಲ. ಕೊನೆಯ ದಿನ ಅಂತ ಬೆಳಿಗ್ಗೆ 11ಕ್ಕೆ ರಾಜ್ಯದ ಎಲ್ಲ ಸೆಂಟರುಗಳೂ ಒಂದೇ ಗುಂಡಿ ಒತ್ತುತ್ತವೆ. ಅಡುಗೆಮನೆಯಲ್ಲಿ ಹತ್ತು ಜನ, ಹೊರಗೆ ಹತ್ತು ಸಾವಿರ ತಾಟು. ಬಾಡಿಗೆ ಸರ್ವರುಗಳನ್ನು ಹೆಚ್ಚಿಸಿ ಅಡುಗೆಯವರನ್ನು ಹೆಚ್ಚು ಮಾಡಬಹುದು. ಆದರೆ ಖಾತೆ ಪುಸ್ತಕ ಒಂದೇ. ಒಂದೇ ಸಾಲನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆದು ನಿಲ್ಲಿಸುತ್ತಾರೆ. ಪಾಳಿ ಬೆಳೆಯುವುದು ಅಲ್ಲಿ.

ಇನ್ನೊಂದು ಕಾರಣ, ಎಪಿಐ ಸರಪಳಿ. ನೀವು ನೋಡುತ್ತಿರುವುದು ಒಂದೇ ಪುಟ. ಅದರ ಹಿಂದೆ ಭೂಮಿ ಒಂದು ಸರ್ವರ್, ಆಧಾರ್ ಇನ್ನೊಂದು, ಒಟಿಪಿ ಕಳಿಸುವವರು ಮತ್ತೊಬ್ಬರು, ಬ್ಯಾಂಕು ಬೇರೆ. ಇವರಲ್ಲಿ ಒಬ್ಬರು ಉತ್ತರ ಕೊಡದಿದ್ದರೂ ಎಲ್ಲರೂ ನಿಲ್ಲುತ್ತಾರೆ. ಎದುರಿಗೆ ಕೂತ ಹುಡುಗನಿಗೆ ಯಾವುದು ನಿಂತಿದೆ ಎಂದು ಕಾಣುವುದಿಲ್ಲ. ಅವನ ಮೇಲೆ ರೇಗಬೇಡಿ.

ಪರದೆಯ ಮೇಲೆ ಬರುವ ನಂಬರ್ ಒಂದಿಷ್ಟು ಹೇಳುತ್ತದೆ. 4ರಿಂದ ಶುರುವಾದರೆ ಕೇಳಿದ್ದರಲ್ಲಿ ಏನೋ ತಪ್ಪಿದೆ. 404 ಎಂದರೆ ಆ ವಿಳಾಸದಲ್ಲಿ ಅಂಥ ಪುಟ ಇಲ್ಲ. 5ರಿಂದ ಶುರುವಾದರೆ ತೊಂದರೆ ಅವರ ಕಡೆ. 503 ಬಂದರೆ ಸರ್ವರ್ ಸದ್ಯಕ್ಕೆ ಕೆಲಸ ತೆಗೆದುಕೊಳ್ಳುವ ಸ್ಥಿತಿಯಲ್ಲಿಲ್ಲ. 504 ಎಂದರೆ ಅದು ಬೇರೆ ಸರ್ವರನ್ನು ಕೇಳಿ, ಕಾದು, ಉತ್ತರ ಸಿಗದೆ ಕೈಬಿಟ್ಟಿದೆ. ನಂಬರ್ ಏನೂ ಬಾರದೆ ‘ಇಂಟರ್ನೆಟ್ ಇಲ್ಲ’ ಎಂದು ಬಂದರೆ ಸರ್ವರ್ ಬಿಡಿ, ರಸ್ತೆಯೇ ಕಡಿದಿದೆ.

ಹಣ ಕಟ್ಟುವಾಗ ಚಕ್ರ ಸುತ್ತಿದರೆ

ಒಮ್ಮೆ ನಾನು ಒಂದು ಅರ್ಜಿಯ ಶುಲ್ಕ ಕಟ್ಟುವಾಗ ಚಕ್ರ ಸುತ್ತುತ್ತಲೇ ಇತ್ತು. ತಾಳ್ಮೆ ಇಲ್ಲದೆ ಪುಟವನ್ನು ಮತ್ತೆ ತೆರೆದು ಮತ್ತೆ ಒತ್ತಿದೆ. ಎರಡು ಸಲ ಹಣ ಹೋಯಿತು. ಆಗಿದ್ದಿಷ್ಟು: ನನ್ನ ಮೊದಲ ಕೋರಿಕೆ ಸರ್ವರನ್ನು ಮುಟ್ಟಿತ್ತು, ಕೆಲಸವೂ ಆಗಿತ್ತು. ‘ಆಯಿತು’ ಎಂಬ ಉತ್ತರ ಮಾತ್ರ ವಾಪಸ್ ಬರುವ ದಾರಿಯಲ್ಲಿ ಕಳೆದುಹೋಗಿತ್ತು. ಚೆನ್ನಾಗಿ ಕಟ್ಟಿದ ಸೈಟುಗಳು ಪ್ರತಿ ಪಾವತಿಗೂ ಮೊದಲೇ ಒಂದು ಗುರುತಿನ ನಂಬರ್ ಕೊಟ್ಟಿರುತ್ತವೆ. ಅದೇ ನಂಬರ್ ಎರಡನೇ ಸಲ ಬಂದರೆ ಹಣ ತೆಗೆಯುವುದಿಲ್ಲ. ಎಲ್ಲರೂ ಹಾಗೆ ಕಟ್ಟಿರುವುದಿಲ್ಲ.

ಹಾಗಾಗಿ ಮತ್ತೆ ಒತ್ತುವ ಮುಂಚೆ ಬ್ಯಾಂಕಿನ ಎಸ್‌ಎಂಎಸ್ ನೋಡಿ, ಅರ್ಜಿಯ ಸ್ಥಿತಿ ತೋರಿಸುವ ಪುಟ ನೋಡಿ. ಯುಪಿಐನಲ್ಲಿ ಅಂಗಡಿಗೋ ಸಂಸ್ಥೆಗೋ ಕಟ್ಟಿದ ಹಣ ಖಾತೆಯಿಂದ ಹೋಗಿ, ಅವರಿಗೆ ಮುಟ್ಟದಿದ್ದರೆ ಐದು ದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ.

ಅರ್ಜಿಗೂ ಇದೇ ಲೆಕ್ಕ. ಪರದೆಯ ಮೇಲೆ ನಿಮ್ಮ ಹೆಸರು, ಸರ್ವೆ ನಂಬರ್ ಎಲ್ಲ ತುಂಬಿ ಕಾಣುತ್ತಿದ್ದರೂ ಅದು ಇನ್ನೂ ನಿಮ್ಮ ಮುಂದಿನ ತಾಟಿನಲ್ಲೇ ಇದೆ. ದೂರದ ಆ ಖಾತೆ ಪುಸ್ತಕದಲ್ಲಿ ಒಂದು ಸಾಲು ಬರೆದ ಮೇಲೆ ಸರ್ವರ್ ಒಂದು ಸ್ವೀಕೃತಿ ಸಂಖ್ಯೆ ಕಳಿಸುತ್ತದೆ. ಜೇವರ್ಗಿಯ ಹಿರಿಯರು ಆ ಸಂಜೆ ನಾಲ್ಕೂವರೆಗೆ ಮತ್ತೆ ಬಂದರು. ಗದ್ದಲ ಕಡಿಮೆಯಾಗಿತ್ತು. ಎರಡೇ ನಿಮಿಷದಲ್ಲಿ ಕೆಲಸ ಆಯಿತು. ಹುಡುಗ ‘ಆತು ಹೋಗ್ರಿ’ ಅಂದರೂ ಅವರು ಏಳಲಿಲ್ಲ. ಸಂಖ್ಯೆ ಬರಲಿ ಅಂತ ಕೂತರು. ಬಂದ ಮೇಲೆ ಅದನ್ನು ಕಾಗದದಲ್ಲಿ ಬರೆಸಿಕೊಂಡು, ನಾಲ್ಕಾಗಿ ಮಡಚಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಬಸ್ಸಿಗೆ ಹೊರಟರು.